ಅವರು ನಡಸ್ತಾರ, ನಾ ನೋಡ್ತೇನಿ

ಧಾರವಾಡದ ಸಪ್ತಾಪುರದಲ್ಲಿ ಬಾಳಕೃಷ್ಣ ಮಾಸ್ತರರ ಬಿಳಿ ಕಾರನ್ನು ಗುರುತಿಸುವುದು ಸುಲಭ. ಅದರ ಎಡಮಗ್ಗುಲಲ್ಲಿ ಐದು ಗೀರುಗಳಿವೆ, ಬಲಮಗ್ಗುಲಲ್ಲಿ ಒಂದೂ ಇಲ್ಲ. ಐದು ಗೀರಿಗೂ ಮಾಸ್ತರರ ಹತ್ತಿರ ಕಾರಣವಿತ್ತು. ಮೊದಲನೆಯದು ಗೇಟು ಕಟ್ಟಿದ ಗೌಂಡಿಯ ತಪ್ಪು. ಎರಡನೆಯದು ರೂಮು ಹಿಡಿದಿರುವ ಕಾಲೇಜು ಹುಡುಗರು ಓಣಿಯಲ್ಲಿ ಅಡ್ಡಾದಿಡ್ಡಿ ನಿಲ್ಲಿಸುವ ಬೈಕುಗಳ ತಪ್ಪು. ಮೂರನೆಯದು ಕರೆಂಟಿನ ಕಂಬ ನೆಟ್ಟವರದು. ಉಳಿದ ಎರಡು ಯಾವಾಗ ಆದವು ಎಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಮಾಡಿದವರು ಬೇರೆ ಯಾರೋ ಎಂಬುದರಲ್ಲಿ ಸಂಶಯವಿರಲಿಲ್ಲ. ಮೂವತ್ತೈದು ವರ್ಷ ಸಾಲೆಯಲ್ಲಿ ಲೆಕ್ಕ ಕಲಿಸಿದ ಮನುಷ್ಯ, ಐದೂ ಗೀರು ಒಂದೇ ಬದಿಗೆ ಯಾಕೆ ಎಂಬ ಸಣ್ಣ ಲೆಕ್ಕವನ್ನು ಮಾತ್ರ ಬಿಡಿಸಲು ಹೋಗಲಿಲ್ಲ.

ಮಾಸ್ತರರಿಗೆ ಈಗ ಎಪ್ಪತ್ತೆರಡು. ಅವರು ಕೃಪಾಂಕ ಕೊಡದ ಮಾಸ್ತರರೆಂದೇ ಊರಲ್ಲಿ ಹೆಸರು. ಪಾಸಾಗಲು ಮೂವತ್ತೈದು ಬೇಕಾಗಿ ಮೂವತ್ನಾಲ್ಕು ಬಿದ್ದರೆ, ಆ ಹುಡುಗ ಅತ್ತರೂ ಅವನ ಅಪ್ಪ ಬಂದು ಕೈಮುಗಿದರೂ ಮೂವತ್ನಾಲ್ಕೇ. ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ಅಮ್ಮಿನಬಾವಿಗೆ ಹೋಗಿ ಹದಿನಾಲ್ಕು ಮಕ್ಕಳಿಗೆ ಪುಕ್ಕಟೆಯಾಗಿ ಲೆಕ್ಕ ಹೇಳಿಕೊಡುತ್ತಿದ್ದರು. ಆ ವರ್ಗವೇ ಅವರ ಜೀವ. ಅದು ಇಲ್ಲದಿದ್ದರೆ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದರು ಎಂದು ಅವರ ಹೆಂಡತಿ ಸುಹಾಸಿನಿಬಾಯಿ ನೆರೆಹೊರೆಯವರ ಮುಂದೆ ಹೇಳುವುದುಂಟು.

ಸುಹಾಸಿನಿಬಾಯಿಯೂ ರವಿವಾರ ತಪ್ಪದೆ ಜೊತೆಗೆ ಹೋಗುತ್ತಿದ್ದರು. ಮೊದಮೊದಲು ಊರಿನ ಹೆಂಗಸರ ಜೊತೆ ಮಾತಾಡಲು ಮತ್ತು ತಾಜಾ ಕಾಯಿಪಲ್ಲೆ ತರಲು. ಈಚೆಗೆ ಮೂರು ವರ್ಷದಿಂದ ಅವರಿಗೊಂದು ಕೆಲಸ ಹತ್ತಿಕೊಂಡಿತ್ತು. ಮಾಸ್ತರರ ಎಡಕ್ಕೆ ಕೂತು ದಾರಿಯುದ್ದಕ್ಕೂ ಅವರು ವರದಿ ಒಪ್ಪಿಸುತ್ತಿದ್ದರು. ಎಡಕ್ಕ ಬೈಕ್ ಅದ. ಮುಂದ ಎಮ್ಮಿ ಅದ. ನಿಲ್ರಿ. ಈಗ ಹೋಗ್ರಿ. ಇದು ಯಾವಾಗ ಶುರುವಾಯಿತು ಎಂದು ಇಬ್ಬರಿಗೂ ನೆನಪಿಲ್ಲ. ಯಾರಾದರೂ ಕೇಳಿದರೆ ಮಾಸ್ತರರು ನಗುತ್ತ, ನಲವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಯ ಮಾತು ಕೇಳುವ ಗಂಡ ನಾನೊಬ್ಬನೇ ಎನ್ನುತ್ತಿದ್ದರು. ಕೇಳಿದವರೂ ನಕ್ಕು ಮುಂದೆ ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಲೈಸೆನ್ಸ್ ನವೀಕರಿಸುವಾಗ ಡಾಕ್ಟರರ ಸರ್ಟಿಫಿಕೇಟು ಬೇಕಾಯಿತು. ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿ ಡಾಕ್ಟರ್ ಸೌರಭನ ದವಾಖಾನೆಗೆ ಹೋದರು. ಸೌರಭ ಕುರ್ಚಿಯಿಂದ ಎದ್ದು ಬಂದು, ಪೇಷಂಟುಗಳೆಲ್ಲ ನೋಡುವಂತೆ ಗುರುಗಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚಹಾ ತರಿಸಿದ. ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿತ್ತು. ಅದರ ಕಡೆ ಇಬ್ಬರೂ ನೋಡಲಿಲ್ಲ. ನಿಮ್ಮನ್ನು ನಾನು ಪರೀಕ್ಷೆ ಮಾಡುವುದೇ ಎಂದು ಸೌರಭ ಸಂಕೋಚಪಟ್ಟ, ಸಹಿ ಹಾಕಿ ಎರಡೂ ಕೈಯಲ್ಲಿ ಕಾಗದ ಕೊಟ್ಟ. ಮಾಸ್ತರರು ಖುಷಿಯಿಂದ ಮನೆಗೆ ಬಂದರು.

ಈ ವರ್ಷ ಚಳಿಗಾಲದ ಒಂದು ರವಿವಾರ. ಬಿಸಿಲು ಆಗಷ್ಟೇ ಏರುತ್ತಿತ್ತು. ಅಮ್ಮಿನಬಾವಿ ಇನ್ನೂ ಸ್ವಲ್ಪ ದೂರ ಇರುವಾಗ, ಸಣ್ಣ ಸೇತುವೆಯ ಹತ್ತಿರ, ಕಾರಿನ ಎಡಕ್ಕೆ ಏನೋ ಬಡಿದ ಸಪ್ಪಳವಾಯಿತು. ಎಡಗಡೆಯ ಕನ್ನಡಿ ಮಡಚಿಕೊಂಡಿತು. ಏನು ಬಡಿಯಿತು ಎಂದು ಮಾಸ್ತರರು ಕೇಳಿದರು. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದಾನೆ, ತನಗೂ ಏನೂ ಕಾಣಲಿಲ್ಲ ಎಂದರು ಸುಹಾಸಿನಿಬಾಯಿ. ಅಲ್ಲಿ ರಸ್ತೆಯ ಅಂಚಿಗೆ ಜಾಲಿಕಂಟಿ ಬೆಳೆದಿತ್ತು. ಅದೇ ಬಡಿದಿರಬೇಕೆಂದು ಇಬ್ಬರೂ ಒಪ್ಪಿಕೊಂಡು ಮುಂದೆ ಹೋದರು.

ಅವತ್ತು ವರ್ಗಕ್ಕೆ ರುಕ್ಸಾನಾ ತಡವಾಗಿ ಬಂದಳು. ಏಳನೇ ಇಯತ್ತೆಯ ಹುಡುಗಿ, ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ರಸ್ತೆಯ ಆಚೆಗಿನ ಹೊಲದ ಮನೆಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದಳು. ಬಟ್ಟೆಗೆಲ್ಲ ಎರೆಮಣ್ಣು ಮೆತ್ತಿತ್ತು, ಮೊಣಕೈ ತರಚಿ ರಕ್ತ ಬಂದಿತ್ತು. ಸೈಕಲ್ಲಿನಿಂದ ಬಿದ್ದೆ ಎಂದಳು. ಮಾಸ್ತರರು ಅವಳಿಗೆ ನೀರು ಕೊಡಿಸಿ, ರಸ್ತೆಯ ಎಡಕ್ಕೆ ಹಿಡಿದು ನೋಡಿಕೊಂಡು ಬರಬೇಕೆಂದು ಬುದ್ಧಿ ಹೇಳಿ, ಭಿನ್ನರಾಶಿಯ ಲೆಕ್ಕ ಶುರುಮಾಡಿದರು.

ಅದೇ ವಾರ ಸಪ್ತಾಪುರದಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆಯಿತು. ಸೂಜಿಗೆ ದಾರ ಪೋಣಿಸಲಾಗದೆ ಬೇಸತ್ತಿದ್ದ ಸುಹಾಸಿನಿಬಾಯಿ ಅಲ್ಲಿಗೆ ಹೋದರು. ಹೆಸರು, ವಯಸ್ಸು, ತೊಂದರೆ ಬರೆದುಕೊಳ್ಳುತ್ತಿದ್ದವಳು ಭಾಗ್ಯಾ. ಅವಳು ನೇತ್ರ ಸಹಾಯಕಿ, ಎರಡು ಓಣಿಯಾಚೆ ಬಾಡಿಗೆಗಿದ್ದವಳು. ಕಣ್ಣಿನಿಂದ ಏನು ತ್ರಾಸ ಎಂದು ಅವಳು ಕೇಳಿದಳು. ಬಿಸಿಲಿಗೆ ಕಣ್ಣು ಕುಕ್ಕುತ್ತವೆ, ಎದುರಿನ ಗಾಡಿಯ ಲೈಟು ಒಡೆದು ಹರಡಿದ ಹಾಗೆ ಕಾಣುತ್ತದೆ, ಕಾರಿನಲ್ಲಿ ಹೋಗುವಾಗ ಬಹಳ ತೊಂದರೆ ಎಂದರು ಇವರು.

"ಕಾರು ನೀವ ನಡಸ್ತೀರೇನ್ರಿ ಅಮ್ಮಾರ?" ಎಂದಳು ಭಾಗ್ಯಾ.

"ನಾ ಎಲ್ಲೆ ನಡಸ್ಲಿ ತಂಗಿ. ಅವರು ನಡಸ್ತಾರ, ನಾ ನೋಡ್ತೇನಿ."

ಭಾಗ್ಯಾಳ ಪೆನ್ನು ಅಲ್ಲಿಗೇ ನಿಂತಿತು. ಮುಂದಿನ ಐದು ನಿಮಿಷ ಅವಳು ಸುಹಾಸಿನಿಬಾಯಿಯ ಕಣ್ಣಿಗಿಂತ ಮಾಸ್ತರರ ಗಾಡಿಯ ಬಗ್ಗೆಯೇ ಹೆಚ್ಚು ಕೇಳಿದಳು. ಡಾಕ್ಟರರು ನೋಡಿ, ಸುಹಾಸಿನಿಬಾಯಿಯ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ ಬಂದಿದೆ, ಆಪರೇಷನ್ ಆದರೆ ಚೆನ್ನಾಗಿ ಕಾಣುತ್ತದೆ ಎಂದು ಹೇಳಿದರು. ಅಂದರೆ ಮಾಸ್ತರರ ಕಾರಿನಲ್ಲಿ ನಡೆಸುವವರು ಒಬ್ಬರು, ನೋಡುವವರು ಇನ್ನೊಬ್ಬರು, ಆ ನೋಡುವವರ ಕಣ್ಣಿಗೂ ಮಬ್ಬು. ಈ ಮಾತು ಸುಹಾಸಿನಿಬಾಯಿಗೆ ಮನೆಗೆ ನಡೆದು ಬರುವಾಗ ಹೊಳೆಯಿತು. ಅವರಿಗೆ ಅಲ್ಲಿಯೇ ಹೆದರಿಕೆಯಾಯಿತು.

ಬುಧವಾರ ಸಂಜೆ ಭಾಗ್ಯಾ ಆಪರೇಷನ್ನಿನ ಚೀಟಿ ಕೊಡುವ ನೆಪದಲ್ಲಿ ಮನೆಗೆ ಬಂದಳು. ಚೀಟಿ ಕೊಟ್ಟು ಮಾಸ್ತರರ ಕಡೆ ತಿರುಗಿ, ನೀವೂ ಒಮ್ಮೆ ಕಣ್ಣು ತೋರಿಸಿ ಎಂದಳು. ಮಾಸ್ತರರು ನಕ್ಕರು. ನಾನು ದಿನಾ ಚಾಳೀಸಿನ ಕನ್ನಡಕ ಹಾಕಿ ಪೇಪರಿನ ಸಣ್ಣ ಅಕ್ಷರವನ್ನೂ ಓದುತ್ತೇನೆ, ನಲವತ್ತು ವರ್ಷದಿಂದ ಗಾಡಿ ನಡೆಸುತ್ತೇನೆ, ಒಂದು ಕೇಸೂ ಆಗಿಲ್ಲ ಎಂದರು. ಸಾಲದ್ದಕ್ಕೆ ಕಪಾಟಿನಿಂದ ಸರ್ಟಿಫಿಕೇಟಿನ ಝೆರಾಕ್ಸ್ ತಂದು ಮುಂದಿಟ್ಟರು. ಡಾಕ್ಟರರ ಸಹಿ ಇದೆಯಲ್ಲ ಎಂದರು.

"ಸಹಿ ಐತ್ರಿ ಸರ. ಅವರು ನಿಮ್ಮ ಕಣ್ಣಿಂದು ಏನೇನ್ ನೋಡಿದ್ರು?"

ಮಾಸ್ತರರು ಸುಳ್ಳು ಹೇಳುವ ಜಾಯಮಾನದವರಲ್ಲ. ಏನೂ ನೋಡಲಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡಿದ ಎಂದರು.

"ಹಂಗಾದ್ರ ನಿಮಗ ಕೃಪಾಂಕ ಕೊಟ್ಟಾರ್ರಿ ಸರ," ಎಂದಳು ಭಾಗ್ಯಾ.

ಆ ಒಂದು ಶಬ್ದ ಮಾಸ್ತರರಿಗೆ ಸರಿಯಾಗಿ ನಾಟಿತು. ಸುಹಾಸಿನಿಬಾಯಿ ಚಹಾದ ಕಪ್ಪು ಹಿಡಿದುಕೊಂಡು ಬೇರೆ ಕಡೆ ನೋಡಿದರು.

ಭಾಗ್ಯಾ ಒಂದು ಸಣ್ಣ ಪರೀಕ್ಷೆ ಮಾಡಿದಳು. ನನ್ನ ಮೂಗನ್ನೇ ನೋಡುತ್ತಿರಿ, ಬೆರಳು ಕಂಡ ಕೂಡಲೇ ಹೇಳಿ ಎಂದು ಹೇಳಿ, ಬೆರಳನ್ನು ಬದಿಯಿಂದ ನಿಧಾನವಾಗಿ ಮುಂದೆ ತಂದಳು. ಬಲಗಡೆಯದು ಮಾಸ್ತರರಿಗೆ ಬೇಗ ಕಂಡಿತು. ಎಡಗಡೆಯದು ಅವಳ ಕಿವಿ ದಾಟಿ ಗಲ್ಲದ ಹತ್ತಿರ ಬಂದರೂ ಅವರು ಮಾತಾಡಲಿಲ್ಲ. ಅಷ್ಟರಲ್ಲಿ ಮೋತಿಬಿಂದಿನ ಸುಹಾಸಿನಿಬಾಯಿಗೂ ಆ ಬೆರಳು ಕಂಡುಬಿಟ್ಟಿತ್ತು. ಮಾಸ್ತರರು ಟ್ಯೂಬಲೈಟು ಮಂದವಾಗಿದೆ ಎಂದರು.

ಇದು ಬರೀ ಬೆರಳಿನ ಆಟ, ಸರಿಯಾದ ತಪಾಸಣೆ ದವಾಖಾನೆಯಲ್ಲೇ ಆಗಬೇಕು ಎಂದು ಭಾಗ್ಯಾ ಒಪ್ಪಿಕೊಂಡಳು. ಆದರೆ ಬದಿಯ ನೋಟ ಹೋಗುವ ರೀತಿ ಹೇಗೆ ಎಂದು ಬಿಡಿಸಿ ಹೇಳಿದಳು. ಅದು ನೋಯುವುದಿಲ್ಲ, ಕೆಂಪಾಗುವುದಿಲ್ಲ, ವರ್ಷಗಟ್ಟಲೆ ಸಾವಕಾಶವಾಗಿ ಹೋಗುತ್ತದೆ. ಎದುರಿನದು ಮಾತ್ರ ಸ್ವಚ್ಛ ಕಾಣುತ್ತಿರುತ್ತದೆ, ಆದ್ದರಿಂದ ಪೇಪರು ಓದುವವರಿಗೆ ತಮ್ಮ ಕಣ್ಣು ಗಟ್ಟಿಯಿದೆ ಎಂದೇ ಅನಿಸುತ್ತದೆ. ಬದಿಯಿಂದ ಬಂದ ಬೈಕು ಎಲ್ಲಿಂದಲೋ ಒಮ್ಮೆಲೇ ಪ್ರತ್ಯಕ್ಷವಾದ ಹಾಗೆ ಆಗುತ್ತದೆ. ಗೇಟು ಇಕ್ಕಟ್ಟಾಗಿದೆ ಅನಿಸುತ್ತದೆ. ಗೇಟಿನ ಮಾತು ಬಂದಾಗ ಸುಹಾಸಿನಿಬಾಯಿ ಕೆಮ್ಮಿದರು.

ಕಣ್ಣೊಂದೇ ಅಲ್ಲ. ಚಹಾ ತೆಗೆದುಕೊಳ್ಳಲು ಮಾಸ್ತರರು ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸಿದ್ದನ್ನು ಅವಳು ನೋಡಿದ್ದಳು. ಹಾಗಿದ್ದರೆ ಗಾಡಿ ಹಿಂದಕ್ಕೆ ತೆಗೆಯುವಾಗ ಏನು ಮಾಡುತ್ತೀರಿ ಎಂದು ಕೇಳಿದಳು. ದಿನಾ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿ, ನೆಗಡಿಯ ಗುಳಿಗೆಯಿಂದ ಮಂಪರು ಬರುತ್ತದೆ, ನೀವಾಗಿ ಬಿಡಬೇಡಿ, ಗಾಡಿ ನಡೆಸುತ್ತೇನೆಂದು ಡಾಕ್ಟರರಿಗೆ ಹೇಳಿ ಎಂದಳು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ ಎಂದು ತಿಳಿದ ಮೇಲೆ, ಕಾಲು ಜುಮ್ಮೆನ್ನುತ್ತವೆಯೇ ಎಂದು ಕೇಳಿದಳು. ಮಾಸ್ತರರು ತಮ್ಮ ಪಾದವನ್ನು ನೋಡಿಕೊಂಡರು. ಯಾವ ಪೆಡಲಿನ ಮೇಲೆ ಕಾಲಿದೆ ಎಂದು ಕೆಲವೊಮ್ಮೆ ಬಗ್ಗಿ ನೋಡಬೇಕಾಗುತ್ತದೆ ಎಂಬುದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

"ವಯಸ್ಸಾತು ಅಂತ ಎಲ್ಲಾರೂ ಗಾಡಿ ಬಿಡಬೇಕಂತ ನಾ ಅನ್ನೂದಿಲ್ರಿ," ಎಂದಳು ಭಾಗ್ಯಾ. "ಒಬ್ಬರಿಗೆ ಚಾಳೀಸು ಬದಲಿ ಮಾಡಿದ್ರ ಸಾಕು. ಒಬ್ಬರಿಗೆ ಗುಳಿಗಿ. ಒಬ್ಬರು ಸಂಜಿಮುಂದ ಬಿಟ್ಟು ಬರೇ ಹಗಲ ನಡಸಬೇಕು. ಒಬ್ಬಿಬ್ಬರು ಪೂರಾ ಬಿಡಬೇಕು. ನೀವು ಯಾರೊಳಗ ಅಂತ ಪರೀಕ್ಷೆ ಮಾಡಿಸಿದ್ರಷ್ಟ ಗೊತ್ತಾಗೂದ್ರಿ."

ಮಾಸ್ತರರು ಇನ್ನೂ ಒಪ್ಪಲಿಲ್ಲ. ಗಾಡಿ ಬಿಟ್ಟರೆ ಅಮ್ಮಿನಬಾವಿಯ ವರ್ಗ ಬಿಟ್ಟಂತೆ ಎಂಬ ಚಿಂತೆ ಒಳಗೆ ಕೊರೆಯುತ್ತಿತ್ತು. ಬಾಯಲ್ಲಿ ಮಾತ್ರ, ಇವಳು ಪಕ್ಕದಲ್ಲಿ ಇದ್ದಾಳಲ್ಲ, ಎಲ್ಲ ಹೇಳುತ್ತಾಳೆ ಎಂದರು. ಭಾಗ್ಯಾ ವಾದ ಮಾಡಲಿಲ್ಲ. ಅಮ್ಮಾರು ನೋಡಿ, ಹೇಳಿ, ಅದನ್ನು ನೀವು ಕೇಳಿ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಗಾಡಿ ಎಷ್ಟು ದೂರ ಹೋಗಿರುತ್ತದೆ, ತನಗೆ ಲೆಕ್ಕ ಬರುವುದಿಲ್ಲ, ನೀವೇ ಮಾಡಿ ನೋಡಿ ಎಂದು ಹೇಳಿ ಚಪ್ಪಲಿ ಮೆಟ್ಟಿ ಹೋದಳು.

ಮುಂದಿನ ರವಿವಾರ ಸುಹಾಸಿನಿಬಾಯಿ ಕಾರು ಹತ್ತಲು ಒಪ್ಪಲಿಲ್ಲ. ತಮ್ಮ ಕಣ್ಣಿಗೆ ಮೋತಿಬಿಂದು ಬಂದಿದೆ ಎಂದು ಡಾಕ್ಟರರೇ ಹೇಳಿದ ಮೇಲೆ ಇನ್ನೊಬ್ಬರ ಸಲುವಾಗಿ ನೋಡುವ ಜವಾಬ್ದಾರಿ ತಮಗೆ ಬೇಡ ಎಂದರು. ಇದೊಂದು ರವಿವಾರ ಅಷ್ಟೇ ಎಂದು ಗೊಣಗುತ್ತ ಮಾಸ್ತರರು ಬಸ್ಸು ಹತ್ತಿದರು.

ವರ್ಗದಲ್ಲಿ ಅವರು ಹಲಗೆಯ ಮೇಲೆ ಒಂದು ಲೆಕ್ಕ ಬರೆದರು. ಗಾಡಿ ತಾಸಿಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೊರಟಿದೆ. ಒಬ್ಬ ನಡೆಸುತ್ತಾನೆ, ಪಕ್ಕದಲ್ಲಿ ಕೂತವಳು ನೋಡುತ್ತಾಳೆ. ಅವಳು ಕಂಡು ಹೇಳಲು ಒಂದು ಸೆಕೆಂಡು. ಅವನು ಕೇಳಿ ತಿಳಿಯಲು ಅರ್ಧ ಸೆಕೆಂಡು. ಬ್ರೇಕಿಗೆ ಕಾಲು ತರಲು ಇನ್ನೊಂದು ಸೆಕೆಂಡು. ಬ್ರೇಕು ಒತ್ತುವ ಮೊದಲೇ ಗಾಡಿ ಎಷ್ಟು ಮೀಟರ್ ಮುಂದೆ ಹೋಗಿರುತ್ತದೆ?

ಯಾರ ಗಾಡಿ ಎಂದು ಅವರು ಬರೆಯಲಿಲ್ಲ. ಮಕ್ಕಳು ಬಗ್ಗಿ ಲೆಕ್ಕ ಮಾಡಿದರು. ಎಂದಿನಂತೆ ಮೊದಲು ಕೈಯೆತ್ತಿದವಳು ರುಕ್ಸಾನಾ. ಸುಮಾರು ಇಪ್ಪತ್ತೆಂಟು ಮೀಟರ್ ಎಂದಳು. ಉತ್ತರ ಸರಿಯಿತ್ತು. ಮಾಸ್ತರರು ಬಾಗಿಲಿನಿಂದ ಹೊರಗೆ ನೋಡಿ ಇಪ್ಪತ್ತೆಂಟು ಮೀಟರ್ ಎಂದರೆ ಎಲ್ಲಿಯವರೆಗೆ ಎಂದು ಅಳೆದರು. ಎದುರಿನ ನಳದ ಹತ್ತಿರ ನಿಂತ ಹೆಂಗಸರನ್ನು ದಾಟಿ, ಕಟ್ಟೆಯ ಮೇಲೆ ಕೂತವರನ್ನೂ ದಾಟಿ ಆಚೆ ಹೋಗುತ್ತಿತ್ತು ಅದು.

ರುಕ್ಸಾನಾ ಕೂತಿರಲಿಲ್ಲ. ಅವಳಿಗೆ ಇನ್ನೂ ಒಂದು ಸಂಶಯವಿತ್ತು.

"ಸರ, ನಡಸಾಂವ ಯಾಕ ನೋಡೂದಿಲ್ರಿ?"

ಮಾಸ್ತರರು ಅವಳ ಕಡೆ ತಿರುಗಿದರು. ಸುಣ್ಣದ ಕಡ್ಡಿ ಕೈಯಲ್ಲೇ ಇತ್ತು. ಎತ್ತಿದ ಅವಳ ಕೈ ಇನ್ನೂ ಇಳಿದಿರಲಿಲ್ಲ, ಮೊಣಕೈ ಮೇಲಿನ ಗಾಯ ಒಣಗಿ ಕಪ್ಪಾಗಿತ್ತು. ಅವತ್ತು ಎಲ್ಲಿ ಬಿದ್ದೆ ಎಂದು ಮಾಸ್ತರರು ಮೆಲ್ಲಗೆ ಕೇಳಿದರು. ಸಣ್ಣ ಸೇತುವೆಯ ಹತ್ತಿರ, ಜಾಲಿಕಂಟಿಯ ಪಕ್ಕ ಎಂದಳು ಅವಳು.

"ಯಾವುದಾದ್ರೂ ಗಾಡಿ ಬಡೀತೇನು?"

ಹುಡುಗಿ ತನ್ನ ನೋಟುಬುಕ್ಕನ್ನೇ ನೋಡಿದಳು. ಉಳಿದ ಹದಿಮೂರು ಮಕ್ಕಳೂ ಅವಳ ಕಡೆ ನೋಡಿದರು. ಅವರಿಗೆಲ್ಲ ಗೊತ್ತಿತ್ತು.

"ನಿಮ್ಮ ಗಾಡೀನ್ರಿ ಸರ. ಕನ್ನಡಿ ಹ್ಯಾಂಡಲ್ಲಿಗೆ ಬಡೀತು."

"ಮತ್ತ ನನಗ ಯಾಕ ಹೇಳಲಿಲ್ಲ?"

"ನಿಮಗ ಹೆಂಗ ಹೇಳೂದ್ರಿ."

ಮಾಸ್ತರರು ಕುರ್ಚಿಯ ಮೇಲೆ ಕೂತರು. ಕಾರು ಇನ್ನೊಂದು ಗೇಣು ಎಡಕ್ಕೆ ಹೋಗಿದ್ದರೆ ಈ ಹುಡುಗಿ ಇವತ್ತು ಕೈಯೆತ್ತುತ್ತಿರಲಿಲ್ಲ. ಬಿದ್ದವಳಿಗೇ ನೋಡಿಕೊಂಡು ಬರಬೇಕೆಂದು ಬುದ್ಧಿ ಹೇಳಿದ್ದು ನೆನಪಾಗಿ ಅವರಿಗೆ ಬಹಳ ನಾಚಿಕೆಯಾಯಿತು. ಹೆಂಡತಿ ಎಡ ಬಲ ಹೇಳಿ ಅವರ ಕೊರತೆಯನ್ನು ಮುಚ್ಚಿದಳು, ಶಿಷ್ಯ ಸಹಿ ಹಾಕಿ ಮುಚ್ಚಿದ, ಈ ಹುಡುಗಿ ಸುಮ್ಮನಿದ್ದು ಮುಚ್ಚಿದಳು. ಮೂವರೂ ಗೌರವಕ್ಕಾಗಿಯೇ ಮಾಡಿದ್ದರು. ಯಾರಿಗೂ ಒಂದು ಅಂಕ ಹೆಚ್ಚು ಕೊಡದ ಮನುಷ್ಯ ಮೂವರಿಂದ ಕೃಪಾಂಕ ತೆಗೆದುಕೊಂಡು ರಸ್ತೆಯ ಮೇಲೆ ಓಡಾಡಿದ್ದ.

ವರ್ಗ ಮುಗಿದ ಮೇಲೆ ಅವರು ರುಕ್ಸಾನಾಳ ಮನೆಗೆ ಹೋದರು. ಅವಳ ತಾಯಿ ಮದೀನಾಬಿಯ ಮುಂದೆ ನಿಂತು, ತಪ್ಪು ನನ್ನದು ಎಂದು ಹೇಳಿದರು. ಆಕೆ ಗಾಬರಿಯಾಗಿ, ಗಾಯ ಗುಣವಾಗಿದೆ, ಇಷ್ಟಕ್ಕೆ ನೀವು ಮನೆಯತನಕ ಬರಬೇಕೇ ಎಂದು ಕುರ್ಚಿ ಹಾಕಲು ಓಡಿದಳು.

"ಹಂಗ ಅನಬ್ಯಾಡವಾ," ಎಂದರು ಮಾಸ್ತರರು. "ಇನ್ನೊಮ್ಮೆ ಯಾರಾದ್ರೂ ಹಿಂಗ ಗಾಡಿ ಬಡಿಸಿದ್ರ, ಅವರು ಎಷ್ಟ ದೊಡ್ಡವರಿರಲಿ, ಹೇಳ್ರಿ. ಸುಮ್ಮನಿರಬ್ಯಾಡ್ರಿ."

ಸೋಮವಾರ ಸೌರಭನ ದವಾಖಾನೆ. ಅವನು ಎಂದಿನಂತೆ ಎದ್ದು ಬಗ್ಗಲು ಬಂದ.

"ಕಾಲು ಆಮ್ಯಾಲೆ ಮುಟ್ಟು. ಮೊದಲ ಪರೀಕ್ಷಾ ಮಾಡು," ಎಂದರು ಮಾಸ್ತರರು.

ಸೌರಭನ ಮುಖ ಸಣ್ಣದಾಯಿತು. ಅವತ್ತು ಸುಮ್ಮನೆ ಸಹಿ ಹಾಕಿದ್ದು ತಪ್ಪಾಯಿತು ಎಂದ. ಈ ಸಲ ಬಿಪಿ, ಸಕ್ಕರೆ, ಕುತ್ತಿಗೆ, ಪಾದ ಎಲ್ಲ ನೋಡಿದ. ಗುಳಿಗೆಗಳ ಚೀಲವನ್ನೇ ತರಿಸಿ ಒಂದೊಂದಾಗಿ ತೆಗೆದು ಓದಿ, ಮಂಪರಿನ ಗುಳಿಗೆ ಬದಲಿಸಿದ. ಕಣ್ಣಿನ ಡಾಕ್ಟರರಿಗೆ ಚೀಟಿ ಬರೆದ. ಅಲ್ಲಿ ಒಂದು ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ದೀಪ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಕಡೆಗೆ ಬಂದ ಕಾಗದದಲ್ಲಿ ಎಡಬದಿಯೆಲ್ಲ ಕಪ್ಪಾಗಿತ್ತು. ಎರಡೂ ಕಣ್ಣಿಗೆ ಗ್ಲಾಕೋಮಾ, ಕಣ್ಣಿನ ನರ ಸೊರಗುವ ರೋಗ. ಹೋದ ನೋಟ ಮರಳಿ ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಯಬಹುದು, ಆದರೆ ಇನ್ನು ಗಾಡಿ ನಡೆಸಬಾರದು ಎಂದರು ಡಾಕ್ಟರರು. ಮೂರು ವರ್ಷದ ಹಿಂದೆ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದೂ ಹೇಳಿದರು. ಹೊರಗೆ ಕಾಯುತ್ತಿದ್ದ ಹೆಂಡತಿಗೆ ಮಾಸ್ತರರು ಒಂದೇ ಶಬ್ದದಲ್ಲಿ ಫಲಿತಾಂಶ ತಿಳಿಸಿದರು. ನಪಾಸ. ಸುಹಾಸಿನಿಬಾಯಿ ಅವರ ಕೈ ಹಿಡಿದುಕೊಂಡರು. ಆ ಸಂಜೆ ಮಾಸ್ತರರು ಕಾರನ್ನು ಬಹಳ ಹೊತ್ತು ಒರೆಸಿದರು. ಅವರಿಗೆ ದುಃಖವಾಗಿತ್ತು.

ಮುಂದಿನ ರವಿವಾರ ಅವರು ಹಲಗೆಯ ಮೇಲೆ ಅದೇ ಲೆಕ್ಕ ಬರೆದು, ಆ ಗಾಡಿ ನನ್ನದು, ನನಗೆ ಕಣ್ಣು ಸರಿ ಕಾಣುತ್ತಿರಲಿಲ್ಲ, ಅದಕ್ಕೇ ನೋಡುತ್ತಿರಲಿಲ್ಲ ಎಂದು ಮಕ್ಕಳಿಗೆ ಹೇಳಿದರು. ರುಕ್ಸಾನಾಳ ಪ್ರಶ್ನೆಗೆ ಒಂದು ವಾರ ತಡವಾಗಿ ಉತ್ತರ ಸಿಕ್ಕಿತು.

ವರ್ಗ ನಿಲ್ಲಲಿಲ್ಲ. ಧಾರವಾಡದಿಂದ ಬಸ್ಸಿದೆ, ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳೂ ಸಿಗುತ್ತಾರೆ. ಸುಹಾಸಿನಿಬಾಯಿಯ ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ಮುಂದಿನ ತಿಂಗಳು. ಕರಿ ಚಾಳೀಸು ಹಾಕಿಕೊಂಡು ಅವರು ಕಿಟಕಿಯ ಪಕ್ಕ ಕೂಡುತ್ತಾರೆ. ಮೊನ್ನೆ ಸಣ್ಣ ಸೇತುವೆಯ ಹತ್ತಿರ ಹಳೆಯ ರೂಢಿ ಬಾಯಿಗೆ ಬಂತು.

"ಎಡಕ್ಕ ಸೈಕಲ್ ಅದ, ನಿಧಾನ," ಎಂದರು.

"ಡ್ರೈವರ್ ನೋಡ್ಯಾನ, ಬಿಡು," ಎಂದರು ಮಾಸ್ತರರು.

ಬಸ್ಸು ನಿಧಾನವಾಗಿ ಬಲಕ್ಕೆ ಸರಿದು ಜಾಗ ಬಿಟ್ಟಿತು. ಸೈಕಲ್ಲಿನ ಮೇಲಿದ್ದವಳು ರುಕ್ಸಾನಾ. ಸುಹಾಸಿನಿಬಾಯಿ ಕೈಬೀಸಿದರು, ಹುಡುಗಿಯೂ ಒಂದು ಕೈ ಎತ್ತಿದಳು.

ಇದನ್ನು ಓದುತ್ತಿರುವ ಹಿರಿಯರೇ, ನಿಮ್ಮ ಗಾಡಿಯ ಸುತ್ತ ಒಮ್ಮೆ ನಡೆದು ಬನ್ನಿ. ಹೊಸ ಗೀರುಗಳಿದ್ದರೆ ಕಂಬಕ್ಕೆ ಬೈಯುವ ಮೊದಲು ಕಣ್ಣು ತೋರಿಸಿ. ಬೈಕುಗಳು ಒಮ್ಮೆಲೇ ಎದುರು ಬಂದಂತೆ ಅನಿಸುತ್ತಿದೆಯೇ, ಸಂಜೆ ಎದುರಿನ ಲೈಟಿಗೆ ದಾರಿ ಮಾಯವಾಗುತ್ತಿದೆಯೇ, ಕುತ್ತಿಗೆ ತಿರುಗುತ್ತಿಲ್ಲವೇ, ಪಾದ ಜುಮ್ಮೆನ್ನುತ್ತಿದೆಯೇ, ಗುಳಿಗೆ ನುಂಗಿದ ಮೇಲೆ ತೂಕಡಿಕೆ ಬರುತ್ತಿದೆಯೇ, ದಿನಾ ಹೋಗುವ ದಾರಿಯಲ್ಲೇ ತಿರುವು ತಪ್ಪುತ್ತಿದೆಯೇ? ಇದರಲ್ಲಿ ಒಂದಿದ್ದರೂ ಮುಚ್ಚಿಡಬೇಡಿ, ಡಾಕ್ಟರರಿಗೆ ಹೇಳಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣು ತೋರಿಸಿ, ಕಣ್ಣಿನ ಒತ್ತಡ ಮತ್ತು ಬದಿಯ ನೋಟವನ್ನೂ ನೋಡಲು ಕೇಳಿ. ತೋರಿಸಿದವರೆಲ್ಲ ಗಾಡಿ ಬಿಡಬೇಕಾಗುವುದಿಲ್ಲ. ಬೇಗ ತೋರಿಸಿದವರು ಹೆಚ್ಚು ವರ್ಷ ನಡೆಸುತ್ತಾರೆ.

ಪಕ್ಕದಲ್ಲಿ ಕೂಡುವವರೇ, ನಿಮಗೂ ಒಂದು ಮಾತು. ಎಡಕ್ಕ, ಬಲಕ್ಕ, ನಿಲ್ರಿ ಎಂದು ನೀವು ದಾರಿಯುದ್ದಕ್ಕೂ ಹೇಳುತ್ತಿದ್ದರೆ, ಗಾಡಿಯಿಂದ ಇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಿ. ದವಾಖಾನೆಗೆ ಹೋಗೋಣ ಎನ್ನಿ. ಸಹಿ ಹಾಕುವ ಡಾಕ್ಟರರೇ, ನಮಸ್ಕಾರ ಮಾಡಿ, ಆದರೆ ಪರೀಕ್ಷೆ ಮಾಡಿಯೇ ಸಹಿ ಹಾಕಿ. ಹಿರಿಯರ ಮೇಲಿನ ಪ್ರೀತಿಯಿಂದ ಸುಮ್ಮನಿರಬೇಡಿ. ರಸ್ತೆಯ ಎಡಕ್ಕೆ ಯಾರದೋ ಮಗಳು ಸೈಕಲ್ಲಿನ ಮೇಲೆ ಸಾಲೆಗೆ ಹೋಗುತ್ತಿರುತ್ತಾಳೆ. ಗಾಡಿ ನಡೆಸುವವರಿಗೆ ಅವಳು ಕಾಣಬೇಕು.